ದಾಯಶಾಸನದಲ್ಲಿ ವಿವಾಹದ ಎಲ್ಲೆ

ಶಾಸನದ ಗುಣದೋಷಗಳನ್ನು ಅದರ ಉದ್ದೇಶವಾಕ್ಯದಿಂದ ಅಳೆಯುವುದಕ್ಕಿಂತ ಅದು ವಿಧಿಸುವ ನಿಬಂಧನೆಗಳಿಂದ ಅಳೆಯುವುದು ಮೇಲು. ಹಿಂದೂ ಸ್ತ್ರೀಯರ ದಾಯಾಧಿಕಾರವನ್ನು ಕುರಿತು ಕನ್ನಡನಾಡಿನ ಸರಕಾರಗಳು ಮಾಡಿದ ಎರಡು ಕಾಯಿದೆಗಳಲ್ಲಿಯೂ ವಿವಾಹವೇ ಅಧಿಕಾರದ ಎಲ್ಲೆಯಾಗಿರುವುದು ವಿಚಾರಾರ್ಹವಾಗಿದೆ.

ಮೊದಲನೆಯದು ಮೈಸೂರು ಸಂಸ್ಥಾನದ 1933ರ ಕಾಯಿದೆ. ಅವಿಭಕ್ತ ಕುಟುಂಬದ ಆಸ್ತಿಯು ಪಾಲಾಗುವಾಗ ತಾಯಿ, ವಿಧವೆ, ಅವಿವಾಹಿತಳಾದ ಮಗಳು ಇವರಿಗೂ ಅಂಶವುಂಟೆಂದು ಅದು ವಿಧಿಸಿತು. ಮಗಳಿಗೆ ಸಲ್ಲತಕ್ಕುದು ಸೋದರನ ಪಾಲಿನ ನಾಲ್ಕನೆಯ ಒಂದು ಭಾಗ. ಬ್ರಿಟಿಷ್ ಇಂಡಿಯದ 1937ರ ಕಾಯಿದೆಯು ವಿಧವೆಯರನ್ನು ನೆನೆದು ಮಗಳನ್ನು ಮರೆತುದನ್ನು ನೋಡಿದರೆ ಸಂಸ್ಥಾನದ ಈ ಕಾರ್ಯವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ.

ಇದರ ಬೆಲೆಯು ಮಂಡ್ಯದ ಸೀಮೆಯಲ್ಲಿ ಚೆನ್ನಾಗಿ ತಿಳಿಯುವುದು. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. ಮಂಡ್ಯದ ಸಕ್ಕರೆ ಕಂಪೆನಿಯೂ ಅದೇ 1933ರಲ್ಲಿ ಸ್ಥಾಪಿತವಾಯಿತು. ರಾಗಿಯ ನೆಲವು ಕಬ್ಬು ಬತ್ತಗಳ ನೆಲವಾದ ಮೇಲೆ ಕಾಲು ಪಾಲೂ ಅಲ್ಪವಲ್ಲ. ಆದರೆ ಪಾಲಾಗುವ ಮುನ್ನ ಮದುವೆಯಾದವಳಿಗೆ ಅದೂ ಇಲ್ಲ. ಹೆಣ್ಣುಮಕ್ಕಳಿಗೆ ಎಳೆವಯಸ್ಸಿನಲ್ಲಿಯೇ ಧಾರೆಯೆರೆಯುತ್ತಿದ್ದ ಕಾಲದಲ್ಲಿ ಈ ನಿಬಂಧನೆಯು ಕೊಟ್ಟುದಕ್ಕಿಂತ ಕಿತ್ತುಕೊಂಡುದೇ ಹೆಚ್ಚು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯೇ ಇಲ್ಲಿ ಶಾಸನವಾಯಿತೆನ್ನಬಹುದು.

1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಕಾಲು ಪಾಲನ್ನು ಸಮಪಾಲಾಗಿಸಿ, ಮಗಳು ಮಗನಂತೆ ಹುಟ್ಟಿನಿಂದಲೇ ದಾಯಾದಿಯೆಂದು ಸಾರಿತು. ಆದರೂ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ 1993ರಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲದ ಹಕ್ಕು 1995ರಲ್ಲಿ ಮದುವೆಯಾದ ತಂಗಿಗೆ ದೊರೆಯಿತು! ಜನ್ಮದಿಂದ ಬಂದ ಹಕ್ಕನ್ನು ಲಗ್ನದ ತಿಥಿಯಿಂದ ಅಳೆಯುವುದು ತರ್ಕಕ್ಕೆ ಒಪ್ಪತಕ್ಕುದಲ್ಲ. ಕೇಂದ್ರದ 2005ರ ತಿದ್ದುಪಡಿಯು ಈ ಎಲ್ಲೆಯನ್ನು ಅಳಿಸಿತು. ಆ ತಿದ್ದುಪಡಿಯ ದಿನ ತಂದೆಯು ಬದುಕಿರಬೇಕಾದುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು.

ಕಾಯಿದೆಯಲ್ಲಿ ಅಳಿದ ಎಲ್ಲೆಯು ಹಕ್ಕು ಖುಲಾಸೆ ಪತ್ರದಲ್ಲಿ ಉಳಿಯಬಹುದು. ಸೋದರರ ಹೆಸರಿಗೆ ಪಾಲನ್ನು ಬಿಟ್ಟು ರುಜುಮಾಡುವ ಹೆಣ್ಣಿಗೆ ಹಕ್ಕಿನ ಅರಿವಿಲ್ಲವೆಂದಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯುಂಟು. ಕನ್ನಡದ ಜನಪದ ಗೀತಗಳಲ್ಲಿ ತವರಿನ ಮಮತೆಯನ್ನು ಕಾಣುವ ಅಧ್ಯಾಪಕರು ಈ ಅಂಜಿಕೆಯನ್ನೂ ಜೊತೆಯಲ್ಲಿ ಓದುವುದು ಉಚಿತ. ಸಮಪಾಲನ್ನು ಕೇಳಿದ ಮಗಳಿಗೂ ತವರು ತವರಾಗಿಯೇ ಉಳಿದಾಗ ಮಾತ್ರ ಶಾಸನದ ಉದ್ದೇಶವು ನೆರವೇರಿದಂತಾಗುವುದು.