ಕೇಳಿಸಿಕೊಳ್ಳುವ ಮುಖ

ಈ ವಾರ ‘ಶರಪಂಜರ’ ಸಿನಿಮಾದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. 1971ರಲ್ಲಿ ಅದನ್ನು ನಿರ್ದೇಶಿಸಿದ ಪುಟ್ಟಣ್ಣ, ತ್ರಿವೇಣಿಯವರ ಕಾದಂಬರಿಯ ಕಾವೇರಿ, ಆ ಕಾವೇರಿಯಾದ ಕಲ್ಪನಾ ಇವರ ಮೇಲೆ ನನಗಿರುವ ಗೌರವ ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ನನ್ನ ತಕರಾರೆಲ್ಲ ಆಮೇಲೆ ಬಂದವರ ಮೇಲೆ. ಮನಸ್ಸಿನ ಕಥೆ ಅಂದರೆ ಕೂದಲು ಕೆದರಬೇಕು, ಕನ್ನಡಿ ಒಡೆಯಬೇಕು, ಹಿನ್ನೆಲೆಯಲ್ಲಿ ಪಿಟೀಲು ಕಿರುಚಬೇಕು ಎಂದು ಅವರು ನಂಬಿಬಿಟ್ಟರು. ಧಾರಾವಾಹಿಗಳು ಇವತ್ತಿಗೂ ಅದೇ ಹಾದಿಯಲ್ಲಿವೆ.

ಇಷ್ಟು ಬರೆಯುವಷ್ಟರಲ್ಲಿ, ಕಿರುಚದೆ ಮನಸ್ಸಿನ ಕಥೆ ಹೇಳುವ ‘ಗುಲಾಬಿ ಟಾಕೀಸ್’ ಕಡೆ ಮನಸ್ಸು ಹೊರಳಿತು. ಶರಪಂಜರ ಇನ್ನೊಂದು ವಾರಕ್ಕಿರಲಿ.

ವೈದೇಹಿಯವರ ಕಥೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. ಕುಂದಾಪುರದ ಕಡೆಯ ಮೀನುಗಾರರ ಕುದ್ರು (ದ್ವೀಪ), ಕಾರ್ಗಿಲ್ ಯುದ್ಧದ ಕಾಲ. ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ ಋಣಕ್ಕೆ ಅವಳ ಗುಡಿಸಲಿಗೆ ಟಿ.ವಿ. ಬರುತ್ತದೆ, ಡಿಶ್ ಬರುತ್ತದೆ. ಗಂಡ ಮೂಸಾ ಎರಡನೆಯ ಹೆಂಡತಿಯ ಜೊತೆಗಿದ್ದಾನೆ. ಗಂಡಸರು ಕಡಲಿಗಿಳಿದ ಮೇಲೆ ಹೆಂಗಸರು ಟಿ.ವಿ. ಮುಂದೆ ಸೇರುತ್ತಾರೆ. ಸಾಬರ ಮನೆ ಎಂದು ಕೆಲವರು ಒಳಗೆ ಕಾಲಿಡದೆ ಹೊರಗೇ ನಿಂತು ನೋಡುತ್ತಾರೆ.

ಗುಲಾಬಿಯಾಗಿ ಉಮಾಶ್ರೀ. ಅವರು ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದನ್ನು ನೋಡಿ. ಗಂಡ ದೂರ, ಅತ್ತೆಯ ಕಾಟ, ಹೀಗಿರುವ ನೇತ್ರು ಅವಳ ಬಳಿ ಕೂತಾಗ ಗುಲಾಬಿಯ ಮುಖದಲ್ಲಿ ಮೊದಲು ಕಾಣುವುದು ಕನಿಕರವಲ್ಲ, ಜೊತೆ ಸಿಕ್ಕಿತೆಂಬ ಆಸೆ. ಆ ಆಸೆಯೇ ಅವಳಿಗೆ ಮುಳುವಾಗುತ್ತದೆ. ನೇತ್ರು ಕಾಣೆಯಾದಾಗ ಊರು ಬೆರಳು ತೋರಿಸುವುದು ಗುಲಾಬಿಯ ಕಡೆಗೇ. ನಮ್ಮ ಕಡೆ ಕೊಬ್ಬರಿಗೆಂದು ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಬಿದ್ದಿರುತ್ತದೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಮೇಲೆ ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಗುಲಾಬಿಯ ದುಃಖವೂ ಹಾಗೆ ಚಿಪ್ಪಿನೊಳಗೇ ಆಗುವ ಕೆಲಸ.

ವರ್ಷಗಟ್ಟಲೆ ಉಮಾಶ್ರೀಯವರಿಗೆ ನಗಿಸುವ ಪಾತ್ರಗಳನ್ನೇ ಕೊಟ್ಟಿತು ನಮ್ಮ ಚಿತ್ರರಂಗ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ.ಕೆ. ರಂಗಕ್ಕೆ ತಂದಾಗ ಸಾಕವ್ವನಾಗಿ ಇವರನ್ನು ಕಂಡವರಿಗೆ ಮಾತ್ರ ಗುಲಾಬಿ ಅಚ್ಚರಿಯಾಗಿರಲಾರಳು. ಗುಲಾಬಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಸಾಲಿನ ಅತ್ಯುತ್ತಮ ನಟ ನಮ್ಮವರೇ ಆದ ಪ್ರಕಾಶ್ ರೈ, ತಮಿಳಿನ ‘ಕಾಂಚೀವರಂ’ಗೆ. ಅದಕ್ಕೂ ಮುಂಚೆ ಕನ್ನಡ ಚಿತ್ರಗಳಿಂದ ಅತ್ಯುತ್ತಮ ನಟಿಯ ಗೌರವ ಪಡೆದವರು ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ, ‘ಹಸೀನಾ’ದ ತಾರಾ. ಹಸೀನಾ ಕೂಡ ಕಾಸರವಳ್ಳಿಯವರದೇ. ನಟಿಯರನ್ನು ಕೂಗಿಸದೆ ದುಡಿಸಿಕೊಳ್ಳುವ ನಿರ್ದೇಶಕ ಎಂದು ನಾನು ಹಟ ಹಿಡಿದು ಹೇಳುತ್ತಿರುವುದು ಇದಕ್ಕೇ.

ಕೊನೆಗೆ ಮನೆ ಧ್ವಂಸವಾಗುತ್ತದೆ, ಗುಲಾಬಿಯನ್ನು ಬಲವಂತದಿಂದ ದೋಣಿ ಹತ್ತಿಸುತ್ತಾರೆ. ಟಿ.ವಿ. ಮಾತ್ರ ಅಲ್ಲೇ ಉಳಿಯುತ್ತದೆ. ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಇಬ್ಬರು ಮುದುಕಿಯರು ಅದನ್ನು ನೋಡಲು ಒಳಗೆ ಹೋಗುತ್ತಾರೆ. ಬೇರೆ ನಿರ್ದೇಶಕರಾಗಿದ್ದರೆ ದೋಣಿಯಲ್ಲಿ ಅಳುವ ಗುಲಾಬಿಯ ಮೇಲೆ ತೆರೆ ಎಳೆಯುತ್ತಿದ್ದರು.

ಉಮಾಶ್ರೀ ಹುಟ್ಟಿದ್ದು ನಮ್ಮ ತಿಪಟೂರು ಸೀಮೆಯ ನೊಣವಿನಕೆರೆಯಲ್ಲಿ. ನಮ್ಮ ಕಡೆಯ ಕೆಂಕೆರೆಯಲ್ಲಿ ಅವರನ್ನು ಟಿ.ವಿ. ಧಾರಾವಾಹಿಯ ಪುಟ್ಟಕ್ಕನಾಗಿ ಬಲ್ಲವರೇ ಹೆಚ್ಚು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಾಲೇಜುಗಳ ಕನ್ನಡ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಈ ವರ್ಷದ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬದಲು ‘ಗುಲಾಬಿ ಟಾಕೀಸ್’ ತೋರಿಸಿ. ಮೊದಲ ಪ್ರದರ್ಶನ ನೊಣವಿನಕೆರೆಯಲ್ಲೇ ಆಗಲಿ.