ಮೂರನೆಯ ನಿಮಿಷದಲ್ಲಿ ಏನಾಗುತ್ತದೆ?

ಒಂದು ಚಿತ್ರದ ಮೊದಲ ಎರಡು ನಿಮಿಷ ಮಾತ್ರ ತಯಾರಾಗಬೇಕು. ಟೈಟಲ್‌ಗಳೂ ಅದರೊಳಗೇ ಬರಬೇಕು. ಆಮೇಲಿನ ಚಿತ್ರವನ್ನು ಯಾರೂ ಚಿತ್ರೀಕರಿಸುವುದಿಲ್ಲ. ಇಂಗ್ಲೆಂಡಿನ ಒಸಿಆರ್ ಪರೀಕ್ಷಾ ಮಂಡಳಿ ತನ್ನ ಮೀಡಿಯಾ ಸ್ಟಡೀಸ್ ವಿಷಯದ ಎಎಸ್ ಹಂತದಲ್ಲಿ, ಅಂದರೆ ನಮ್ಮ ಪಿಯುಸಿ ವಯಸ್ಸಿನ ಮಕ್ಕಳಿಗೆ, 2008ರಿಂದ ಸುಮಾರು ಒಂದು ದಶಕ ಕಾಲ ಕೊಡುತ್ತಿದ್ದ ಕೆಲಸಗಳಲ್ಲಿ ಇದೂ ಒಂದು. ಯಾವ ಬಗೆಯ ಚಿತ್ರ ಎಂಬುದನ್ನು ವಿದ್ಯಾರ್ಥಿಗಳೇ ತೀರ್ಮಾನಿಸಬಹುದಿತ್ತು. ಬಹಳಷ್ಟು ತಂಡಗಳು ಥ್ರಿಲ್ಲರನ್ನೇ ಆರಿಸಿಕೊಂಡವು. ಶಾಲೆಯ ಕಾರಿಡಾರು, ಗೆಳೆಯನ ಮನೆಯ ಮಹಡಿ, ಊರಾಚೆಯ ಕಾಡುದಾರಿ ಎಲ್ಲವೂ ಅಪರಾಧ ನಡೆಯುವ ಜಾಗಗಳಾದವು.

ಶಾಲೆಯೊಳಗೆ ಸಿನಿಮಾ ಕಲಿಸಲು ರೂಪಿಸಿದ ಅಭ್ಯಾಸಗಳಲ್ಲಿ ನನಗೆ ಗೊತ್ತಿರುವ ಮಟ್ಟಿಗೆ ಇದು ಅತ್ಯಂತ ಜಾಣತನದ್ದು. ಆದರೆ ಅದರಿಂದ ಹೊರಬಂದ ಚಿತ್ರಗಳನ್ನು ಸಾಲಾಗಿ ನೋಡುತ್ತಾ ಹೋದರೆ ಅವು ಒಂದನ್ನೊಂದು ಹೋಲುತ್ತವೆ. ಅಭ್ಯಾಸ ಇಷ್ಟು ಒಳ್ಳೆಯದಾಗಿದ್ದೂ ಫಲ ಯಾಕೆ ಹೀಗೆ ಎಂಬುದನ್ನು ವಿಚಾರಿಸಬೇಕು. ಉತ್ತರ ಸಿಕ್ಕರೆ ಮಕ್ಕಳ ಕೈಗೆ ಕ್ಯಾಮೆರಾ ಕೊಡಬೇಕೆಂದಿರುವ ಯಾವ ಊರಿನ ಮೇಷ್ಟ್ರಿಗೂ ಉಪಯೋಗವಾದೀತು.

ಮೊದಲು ನಿಯಮಗಳನ್ನು ನೋಡೋಣ. ಒಬ್ಬರೇ ಮಾಡಬಹುದು, ತಂಡವಾದರೆ ನಾಲ್ವರಿಗಿಂತ ಹೆಚ್ಚು ಮಂದಿ ಇರುವಂತಿಲ್ಲ. ದೃಶ್ಯ, ಶಬ್ದ ಎಲ್ಲವನ್ನೂ ತಾವೇ ಸೆರೆಹಿಡಿಯಬೇಕು. ಹಕ್ಕುಸ್ವಾಮ್ಯದ ತಕರಾರಿಲ್ಲದ ಸಂಗೀತ ಮತ್ತು ಶಬ್ದಪರಿಣಾಮಗಳಿಗೆ ಮಾತ್ರ ವಿನಾಯಿತಿ. ಒಟ್ಟು 100 ಅಂಕಗಳಲ್ಲಿ ಸಂಶೋಧನೆ ಮತ್ತು ಯೋಜನೆಗೆ 20, ಚಿತ್ರಕ್ಕೆ 60, ಕೊನೆಯಲ್ಲಿ ತಮ್ಮ ಕೆಲಸವನ್ನು ತಾವೇ ಒರೆಗೆ ಹಚ್ಚಿ ನೋಡುವುದಕ್ಕೆ 20. ಈ ಹಂಚಿಕೆ ಮೆಚ್ಚತಕ್ಕದ್ದು. ಕ್ಯಾಮೆರಾ ಹಿಡಿಯುವ ಮೊದಲು ಯೋಚಿಸಿದ್ದಕ್ಕೂ ಮುಗಿದ ಮೇಲೆ ಯೋಚಿಸಿದ್ದಕ್ಕೂ ಸೇರಿ 40 ಅಂಕ ಸಿಗುತ್ತದೆ. ಎರಡು ನಿಮಿಷದ ಮಿತಿಯೂ ಅಷ್ಟೇ ಸರಿ. ಇಡೀ ಕಿರುಚಿತ್ರ ಮಾಡಿ ಎಂದರೆ ಈ ವಯಸ್ಸಿನವರು ಕಥೆಯನ್ನು ಮುಗಿಸುವ ಅವಸರಕ್ಕೆ ಬಿದ್ದು ಶಾಟ್‌ಗಳನ್ನು ಮರೆಯುತ್ತಾರೆ. ಕಥೆ ಮುಗಿಸುವ ಹೊರೆ ಇಲ್ಲದಾಗ ಕಣ್ಣು ಒಂದೊಂದು ಶಾಟ್ ಮೇಲೆ ನಿಲ್ಲುತ್ತದೆ.

ಮುಖ್ಯ ಚಿತ್ರಕ್ಕಿಂತ ಮೊದಲು ಇನ್ನೊಂದು ಪೂರ್ವಭಾವಿ ಅಭ್ಯಾಸವಿತ್ತು. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಇರುವುದು ಅದರಲ್ಲಿ. ಒಂದು ಪಾತ್ರ ಬಾಗಿಲು ತೆರೆಯುತ್ತದೆ, ಕೋಣೆಯನ್ನು ದಾಟಿ ಬಂದು ಇನ್ನೊಂದು ಪಾತ್ರದ ಎದುರು ಕುರ್ಚಿಯಲ್ಲಿ ಕೂರುತ್ತದೆ, ಇಬ್ಬರೂ ಒಂದೆರಡು ಮಾತಾಡುತ್ತಾರೆ. ಇಷ್ಟೇ. ಇಷ್ಟರಲ್ಲಿ ಮೂರು ಸಂಗತಿಗಳನ್ನು ಮಾಡಿ ತೋರಿಸಬೇಕು. ಹೊರಗಿನ ಶಾಟ್‌ನಲ್ಲಿ ಕೈ ಬಾಗಿಲ ಹಿಡಿಕೆಯನ್ನು ತಿರುಗಿಸಲು ಶುರುಮಾಡಿದರೆ ಒಳಗಿನ ಶಾಟ್‌ನಲ್ಲಿ ಅದೇ ಚಲನೆ ಮುಂದುವರಿಯಬೇಕು. ಮಾತಾಡುವಾಗ ಶಾಟ್ ಒಬ್ಬರಿಂದ ಇನ್ನೊಬ್ಬರಿಗೆ ಸರದಿಯಂತೆ ಹೋಗಬೇಕು. ಇಬ್ಬರ ನಡುವೆ ಎಳೆದ ಕಾಲ್ಪನಿಕ ಗೆರೆಯನ್ನು ಕ್ಯಾಮೆರಾ ದಾಟಕೂಡದು. ದಾಟಿದರೆ ಎದುರುಬದುರು ಕುಳಿತವರು ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತಾರೆ.

ಇದು ಬರಿಯ ವ್ಯಾಕರಣದ ಪಾಠದಂತೆ ಕಂಡೀತು. ಹತ್ತಿರದಿಂದ ನೋಡಿದರೆ ಥ್ರಿಲ್ಲರ್‌ಗೆ ಬೇಕಾದ ಎಲ್ಲವೂ ಇದರಲ್ಲಿದೆ. ಒಳಗೆ ಕುಳಿತವನನ್ನು ನಮಗೆ ಮೊದಲೇ ತೋರಿಸಿದರೆ ಹಿಡಿಕೆ ತಿರುಗುವಾಗ ಹೊರಗಿರುವವನ ಬಗ್ಗೆ ಆತಂಕ ಹುಟ್ಟುತ್ತದೆ. ತೋರಿಸದಿದ್ದರೆ ಆತಂಕ ಕೋಣೆಯ ಬಗ್ಗೆ. ಕೋಣೆ ದಾಟುವ ನಾಲ್ಕು ಹೆಜ್ಜೆಗಳನ್ನು ಒಂದೇ ಶಾಟ್‌ನಲ್ಲಿ ಇಟ್ಟರೆ ಒಂದು ಅರ್ಥ, ಅವು ನಡೆಯುತ್ತಿರುವಾಗಲೇ ಕುಳಿತವನ ಮುಖಕ್ಕೆ ಕತ್ತರಿಸಿದರೆ ಇನ್ನೊಂದು. ಮಾತನ್ನು ಆಡುವವನ ಮೇಲೆ ಶಾಟ್ ಇಡಬೇಕೋ ಕೇಳುವವನ ಮೇಲೋ ಎಂಬುದರಿಂದ ಸುಳ್ಳು ಹೇಳುತ್ತಿರುವವರು ಯಾರು ಎಂಬುದೇ ಬದಲಾಗಿಬಿಡುತ್ತದೆ. ಪ್ರೇಕ್ಷಕರಿಗೆ ಏನು ಗೊತ್ತಿರಬೇಕು, ಯಾವಾಗ ಗೊತ್ತಾಗಬೇಕು, ಪಾತ್ರಕ್ಕಿಂತ ಮೊದಲೋ ಆಮೇಲೋ ಎಂಬ ಪ್ರಶ್ನೆಗಳೇ ಥ್ರಿಲ್ಲರಿನ ಮೂಲದ್ರವ್ಯ. ಕತ್ತಲೆ, ಚಾಕು, ರಕ್ತ ಅದರ ಮೇಲಿನ ಅಲಂಕಾರ.

ಆರ್ಸನ್ ವೆಲ್ಸ್ ನಿರ್ದೇಶಿಸಿದ 'ಟಚ್ ಆಫ್ ಈವಿಲ್' (1958) ಚಿತ್ರದ ಆರಂಭ ಇದಕ್ಕೆ ತೀರಾ ಒಳ್ಳೆಯ ಉದಾಹರಣೆ. ಮೊದಲ ಕೆಲವೇ ಕ್ಷಣಗಳಲ್ಲಿ ಒಂದು ಕೈ ಬಾಂಬಿನ ಗಡಿಯಾರ ತಿರುಗಿಸಿ ಕಾರಿನ ಡಿಕ್ಕಿಯಲ್ಲಿ ಇಡುತ್ತದೆ. ಅದಾದಮೇಲೆ ಮೂರು ನಿಮಿಷಕ್ಕೂ ಮೀರಿ, ಕತ್ತರಿಸದೆ, ಕ್ರೇನ್ ಮೇಲಿನ ಕ್ಯಾಮೆರಾ ಗಡಿ ಪಟ್ಟಣದ ಬೀದಿಗಳಲ್ಲಿ ಆ ಕಾರಿನ ಜತೆ ಸಾಗುತ್ತದೆ. ನವದಂಪತಿಗಳು ಪಕ್ಕದಲ್ಲೇ ನಡೆಯುತ್ತಾರೆ. ಚೆಕ್‌ಪೋಸ್ಟಿನಲ್ಲಿ ಎರಡು ಮಾತು ಆಗುತ್ತದೆ. ಬೀದಿಯಲ್ಲಿ ಭಯ ಹುಟ್ಟಿಸುವಂಥದ್ದೇನೂ ಇಲ್ಲ. ನಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ, ಅಷ್ಟೇ. ಬಾಗಿಲು ಮತ್ತು ಕುರ್ಚಿಯ ಅಭ್ಯಾಸ ದೊಡ್ಡದಾಗಿ ಬೆಳೆದರೆ ಹೀಗಿರುತ್ತದೆ. ಟೈಟಲ್ ಜೋಡಿಸುವ ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಸ್ಟುಡಿಯೊದವರು ಬಿಡುಗಡೆ ಮಾಡುವಾಗ ಈ ಶಾಟ್ ಮೇಲೆಯೇ ಹೆಸರುಗಳನ್ನು ಹರಿಯಬಿಟ್ಟು ಹೆನ್ರಿ ಮ್ಯಾನ್ಸಿನಿಯ ಸಂಗೀತ ಹಾಕಿದರು. ತಮ್ಮ ಕೈತಪ್ಪಿದ ಚಿತ್ರದ ಬಗ್ಗೆ ವೆಲ್ಸ್ 58 ಪುಟಗಳ ಟಿಪ್ಪಣಿ ಬರೆದಿದ್ದರು. ಅದನ್ನು ಆಧರಿಸಿ 1998ರಲ್ಲಿ ವಾಲ್ಟರ್ ಮರ್ಚ್ ಮರುಸಂಕಲನ ಮಾಡಿದಾಗ ಹೆಸರುಗಳೂ ಆ ಸಂಗೀತವೂ ಹೋಗಿ, ಬೀದಿಯ ಹೋಟೆಲುಗಳಿಂದ, ಕಾರಿನ ರೇಡಿಯೊದಿಂದ ತೇಲಿಬರುವ ಸದ್ದುಗಳು ಬಂದವು. ಎರಡೂ ಆವೃತ್ತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ವಿದ್ಯಾರ್ಥಿಗೆ ಟೈಟಲ್ ಎಂದರೆ ಖಾಲಿ ಜಾಗದಲ್ಲಿ ಅಂಟಿಸುವ ಚೀಟಿ ಅಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ವಿದ್ಯಾರ್ಥಿಗಳ ಚಿತ್ರಗಳಿಗೆ ಬರೋಣ. ಮೋಡ ಕವಿದ ಕಾಡುದಾರಿ. ಹುಡುಗಿಯೊಬ್ಬಳು ಹಿಂದೆ ತಿರುಗಿ ನೋಡುತ್ತಾ ಬೇಗ ಬೇಗ ನಡೆಯುತ್ತಾಳೆ. ಹೂಡಿ ತೊಟ್ಟವನ ಬೂಟುಗಳ ಕ್ಲೋಸಪ್. ಮತ್ತೆ ಹುಡುಗಿ, ಮತ್ತೆ ಬೂಟು. ಇದಿಲ್ಲದಿದ್ದರೆ ಕತ್ತಲೆ ಕೋಣೆ, ಗೋಡೆಯ ಮೇಲೆ ಫೋಟೊಗಳು, ಅವುಗಳ ನಡುವೆ ಕೆಂಪು ದಾರ, ಒಂದು ಮುಖದ ಮೇಲೆ ಎಳೆದ ಅಡ್ಡಗೆರೆ. ಕೆಳಗೆ ಗುಂಯ್‌ಗುಡುವ ಒಂದೇ ಸ್ವರದ ಸಂಗೀತ. ಕೊನೆಯಲ್ಲಿ ಒಂದು ಚೀರಾಟ, ಕಪ್ಪು ಪರದೆ, ಚಿತ್ರದ ಹೆಸರು. ಛಾಯಾಗ್ರಹಣ ಎಷ್ಟೋ ಬಾರಿ ನಿಜಕ್ಕೂ ಚೆನ್ನಾಗಿರುತ್ತದೆ. ಫೋಕಸ್ ಬೂಟಿನಿಂದ ಮರದ ತುದಿಗೆ ಸರಿಯುವ ಶಾಟ್‌ಗಳಲ್ಲಿ ತಾಳ್ಮೆ ಕಾಣುತ್ತದೆ. ಆದರೆ ಅವಳು ಯಾರು, ಅವನು ಯಾರು, ಅವಳೇ ಯಾಕೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ಮುಚ್ಚಿಟ್ಟಿದ್ದರೆ ಅದೂ ಒಂದು ಕೌಶಲ ಎನ್ನಬಹುದಿತ್ತು. ಮಾಡಿದವರಿಗೇ ಅದು ಗೊತ್ತಿಲ್ಲ.

ಈ ಫೋಟೊ ಗೋಡೆ, ಕೈಗಳ ಕ್ಲೋಸಪ್, ಅಲುಗಾಡುವ ಅಕ್ಷರಗಳು ಹೆಚ್ಚಾಗಿ ಬಂದಿರುವುದು ಡೇವಿಡ್ ಫಿಂಚರ್ ಅವರ 'ಸೆವೆನ್' (1995) ಚಿತ್ರಕ್ಕಾಗಿ ಕೈಲ್ ಕೂಪರ್ ರೂಪಿಸಿದ ಟೈಟಲ್‌ಗಳ ಪ್ರಭಾವದಿಂದ. ಅಲ್ಲಿ ಮುಖವಿಲ್ಲದ ಒಬ್ಬ ಬ್ಲೇಡಿನಿಂದ ಬೆರಳ ತುದಿಯ ಚರ್ಮ ಕೆರೆದುಕೊಳ್ಳುತ್ತಾನೆ, ನೋಟ್‌ಬುಕ್ಕಿನ ಹಾಳೆಗಳನ್ನು ಹೊಲಿಯುತ್ತಾನೆ, ಫೋಟೊ ಕತ್ತರಿಸುತ್ತಾನೆ. ಮೈ ಜುಮ್ಮೆನ್ನಿಸುವುದಷ್ಟೇ ಅವುಗಳ ಕೆಲಸವಲ್ಲ. ಮುಂದೆ ಕೊಲೆಗಾರನ ಮನೆಗೆ ಪೊಲೀಸರು ನುಗ್ಗಿದಾಗ ಒಂದು ಬೆರಳಚ್ಚೂ ಸಿಗುವುದಿಲ್ಲ, ನೋಟ್‌ಬುಕ್ಕುಗಳ ರಾಶಿ ಮಾತ್ರ ಸಿಗುತ್ತದೆ. ಆ ಪಾತ್ರ ಮಾಡಿದ ಕೆವಿನ್ ಸ್ಪೇಸಿಯ ಹೆಸರನ್ನು ಆರಂಭದ ಟೈಟಲ್‌ಗಳಲ್ಲಿ ಹಾಕಲೇ ಇಲ್ಲ. ಕೊಲೆಗಾರ ಯಾರೆಂದು ಟೈಟಲ್ ಕೂಡ ಬಾಯಿಬಿಡುವುದಿಲ್ಲ. ಆರಂಭ ದೃಶ್ಯವೆಂದರೆ ಪ್ರೇಕ್ಷಕರಿಂದ ಪಡೆದ ಸಾಲ. 'ಸೆವೆನ್' ಅದನ್ನು ಬಡ್ಡಿ ಸಮೇತ ತೀರಿಸುತ್ತದೆ. ಉಳಿದ ಚಿತ್ರವೇ ಇಲ್ಲದ ಎರಡು ನಿಮಿಷಕ್ಕೆ ತೀರಿಸುವ ದಿನ ಬರುವುದೇ ಇಲ್ಲ, ಹಾಗಾಗಿ ಮನಸ್ಸಿಗೆ ಬಂದಷ್ಟು ಸಾಲ ಮಾಡಬಹುದು. ಅಭ್ಯಾಸದ ಮೂಲ ದೋಷ ಇಲ್ಲಿದೆ.

ಅಂಕದ ವ್ಯವಸ್ಥೆ ಈ ದೋಷವನ್ನು ಬೆಳೆಸಿತು. ಚಿತ್ರ ಮುಗಿದ ಮೇಲೆ ವಿದ್ಯಾರ್ಥಿಗಳು ಏಳು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಮೊದಲನೆಯದೇ, ನಿಮ್ಮ ಕೃತಿ ನಿಜವಾದ ಮಾಧ್ಯಮ ಕೃತಿಗಳ ರೂಢಿಗಳನ್ನು ಹೇಗೆ ಬಳಸುತ್ತದೆ, ಬೆಳೆಸುತ್ತದೆ ಅಥವಾ ಪ್ರಶ್ನಿಸುತ್ತದೆ ಎಂಬುದು. ಆಮೇಲೆ ಯಾವ ಸಾಮಾಜಿಕ ಗುಂಪನ್ನು ಪ್ರತಿನಿಧಿಸಿದ್ದೀರಿ, ಯಾವ ಸಂಸ್ಥೆ ಇದನ್ನು ವಿತರಿಸಬಹುದು, ಪ್ರೇಕ್ಷಕರು ಯಾರು, ಅವರನ್ನು ಹೇಗೆ ಸೆಳೆದಿರಿ, ತಂತ್ರಜ್ಞಾನದ ಬಗ್ಗೆ ಏನು ಕಲಿತಿರಿ, ಪೂರ್ವಭಾವಿ ಅಭ್ಯಾಸದಿಂದ ಇಲ್ಲಿಯವರೆಗೆ ಎಷ್ಟು ಮುಂದೆ ಬಂದಿರಿ. ಒಂದೊಂದೂ ಯೋಗ್ಯ ಪ್ರಶ್ನೆಯೇ. ಆದರೆ ರೂಢಿಯ ಪ್ರಶ್ನೆ ಮೊದಲು ಬರುತ್ತದೆ ಎಂದು ಗೊತ್ತಿರುವ ಹುಡುಗ ರೂಢಿ ಎದ್ದು ಕಾಣುವ ಚಿತ್ರವನ್ನೇ ಮಾಡುತ್ತಾನೆ. ಹೂಡಿ ಹಾಕಿದರೆ ಉತ್ತರದಲ್ಲಿ ಬರೆಯಲು ಒಂದು ಸಾಲು ಸಿಗುತ್ತದೆ. 'ಪ್ರಶ್ನಿಸುತ್ತದೆ' ಎಂಬ ಆಯ್ಕೆ ಪ್ರಶ್ನೆಯಲ್ಲೇ ಇದ್ದರೂ ಅದು ಅಪಾಯದ ದಾರಿಯಾಗಿ ಕಂಡಿರಬೇಕು. ಹಿಚ್‌ಕಾಕ್ ಅವರ 'ಸೈಕೊ' (1960) ಫೀನಿಕ್ಸ್ ನಗರದ ಹಾಡಹಗಲಲ್ಲಿ ಶುರುವಾಗುತ್ತದೆ. ಊರು, ದಿನಾಂಕ, ಮಧ್ಯಾಹ್ನ 2 ಗಂಟೆ 43 ನಿಮಿಷ ಎಂಬ ಅಕ್ಷರಗಳು ತೆರೆಯ ಮೇಲೆ ಬರುತ್ತವೆ. ಪರದೆ ಅರ್ಧ ಇಳಿಸಿದ ಕಿಟಕಿಯೊಂದರೊಳಕ್ಕೆ ಕ್ಯಾಮೆರಾ ನುಸುಳುತ್ತದೆ. ಬಿಸಿಲಿನಲ್ಲೂ ಇನ್ನೊಬ್ಬರ ಗುಟ್ಟನ್ನು ಇಣುಕಿ ನೋಡುತ್ತಿರುವ ಅಳುಕು ಹುಟ್ಟುತ್ತದೆ. ಈ ಚಿತ್ರವನ್ನು ತರಗತಿಯಲ್ಲಿ ನೋಡಿದವರೂ ಆಮೇಲೆ ಕತ್ತಲೆಯನ್ನೇ ಹುಡುಕಿಕೊಂಡು ಹೋದರೆ ಅದಕ್ಕೆ ಮಕ್ಕಳಷ್ಟೇ ಕಾರಣರಲ್ಲ.

ಯೋಜನೆಯ ಹಂತದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಸ್ಟೋರಿಬೋರ್ಡ್, ಶಾಟ್‌ಗಳ ಪಟ್ಟಿ, ಲೊಕೇಶನ್ ನೋಡಿ ಬರುವುದು, ಚಿತ್ರೀಕರಣದಲ್ಲಿ ಯಾರಿಗೆ ಏನು ಅಪಾಯವಾಗಬಹುದು ಎಂದು ಮೊದಲೇ ಬರೆದಿಡುವುದು, ಇವೆಲ್ಲ ಈ ಕೆಲಸದ ಭಾಗವಾಗಿದ್ದವು. ಡಿಸೆಂಬರಿನ ಇಂಗ್ಲೆಂಡಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಶಾಲೆ ಬಿಟ್ಟ ಮೇಲೆ ಹೊರಾಂಗಣ ಚಿತ್ರೀಕರಣಕ್ಕೆ ಬೆಳಕೇ ಉಳಿಯುವುದಿಲ್ಲ. ಒಂದು ಶನಿವಾರ ತೆಗೆದ ಶಾಟ್‌ನಲ್ಲಿ ನೆಲ ಒದ್ದೆ, ಮುಂದಿನ ಶನಿವಾರದ ಶಾಟ್‌ನಲ್ಲಿ ಒಣಗಿದ್ದರೆ ಎರಡನ್ನೂ ಜೋಡಿಸಲಾಗದು. ಕಂಟಿನ್ಯುಟಿ ಎಂದರೇನೆಂದು ಪುಸ್ತಕ ಕಲಿಸುವುದಕ್ಕಿಂತ ಚೆನ್ನಾಗಿ ಆ ಎರಡು ಶನಿವಾರಗಳು ಕಲಿಸುತ್ತವೆ. ನಟಿಸುವವರೂ ಸಹಪಾಠಿಗಳೇ ಆದ್ದರಿಂದ ಅವರ ಬಿಡುವು, ಬಟ್ಟೆ, ತಲೆಗೂದಲು ಎಲ್ಲವನ್ನೂ ನೆನಪಿಡಬೇಕು. ಇಷ್ಟನ್ನು ನಾಲ್ಕು ಜನ ಹಂಚಿಕೊಂಡು, ಜಗಳವಾಡಿ, ಮತ್ತೆ ಕೂಡಿ ಮಾಡಿದ್ದು ಸಣ್ಣ ಶಿಕ್ಷಣವಲ್ಲ.

ಸೊರಗಿದ್ದು ಶಬ್ದ. ಸಿದ್ಧ ಸಂಗೀತಕ್ಕೆ ವಿನಾಯಿತಿ ಇದ್ದುದರಿಂದ ಅದನ್ನೇ ಉದ್ದಕ್ಕೂ ಹಾಸಿ ಸುಮ್ಮನಾದ ತಂಡಗಳು ಬಹಳ. ಬೀಗದಲ್ಲಿ ತಿರುಗುವ ಕೀಲಿ, ಎಲೆಗಳ ಮೇಲಿನ ಹೆಜ್ಜೆ, ಮಾತು ನಿಂತಾಗ ಕೋಣೆಯಲ್ಲಿ ಉಳಿಯುವ ಸದ್ದು, ಇವನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ಜೋಡಿಸಿದ ಚಿತ್ರಗಳು ವಿರಳ. ಸಿಕ್ಕಾಗ ಅವು ಸಾಧಾರಣ ಕ್ಯಾಮೆರಾದಲ್ಲಿ ತೆಗೆದಿದ್ದರೂ ಎದೆಗೆ ನಾಟುತ್ತವೆ.

2017ರಲ್ಲಿ ಹೊಸ ಎ-ಲೆವೆಲ್ ಪಠ್ಯಕ್ರಮ ಬಂದ ಮೇಲೆ ಪ್ರಾಯೋಗಿಕ ಕೆಲಸದ ಪಾಲು ಶೇ 30ಕ್ಕೆ ನಿಂತಿತು. ವಿಷಯವನ್ನು ಮಂಡಳಿಯೇ ಕೊಡತೊಡಗಿತು. ಪ್ರತಿ ವಿದ್ಯಾರ್ಥಿಯೂ ಒಬ್ಬನೇ ಮಾಡಬೇಕೆಂದಾಯಿತು. ಯಾರ ಕೆಲಸಕ್ಕೆ ಯಾರಿಗೆ ಅಂಕ ಎಂಬ ಗೊಂದಲ ತಪ್ಪಿದ್ದೇನೋ ನಿಜ. ಆದರೆ ಸಿನಿಮಾ ಗುಂಪಿನ ಕಲೆ. ಛಾಯಾಗ್ರಾಹಕನಿಗೆ ಇಷ್ಟವಾದ ಶಾಟ್ ಸಂಕಲನಕಾರನಿಗೆ ಬೇಡವಾದಾಗ ನಡೆಯುವ ವಾದದಲ್ಲಿ ಕಲಿಯುವುದನ್ನು ಒಂಟಿಯಾಗಿ ಕಲಿಯಲಾಗದು. ಈ ಬದಲಾವಣೆಯಲ್ಲಿ ನಷ್ಟದ ಪಾಲೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಸಿನಿಮಾ ಕಲಿಕೆಯ ಪರಂಪರೆ ಬೇರೆ ದಾರಿಯದು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸುತ್ತಿದ್ದರು. ವಿ.ಕೆ. ಮೂರ್ತಿ ಅಲ್ಲಿಂದ ಹೊರಟು ಗುರುದತ್ ಚಿತ್ರಗಳ ಬೆಳಕಾದರು. ಗೋವಿಂದ ನಿಹಲಾನಿ ಕೂಡ ಅಲ್ಲಿ ಕಲಿತವರೇ. ಅದು ಉದ್ಯಮಕ್ಕೆ ಹೋಗುವವರ ಶಿಕ್ಷಣ. ಇಂಗ್ಲೆಂಡಿನ ಈ ಅಭ್ಯಾಸ ಮಾಡಿದವರೆಲ್ಲ ಸಿನಿಮಾದವರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಕಣ್ಣೆದುರಿನ ಚಿತ್ರ ತಮ್ಮನ್ನು ಹೇಗೆ ಹೆದರಿಸುತ್ತಿದೆ, ಹೇಗೆ ನಂಬಿಸುತ್ತಿದೆ ಎಂದು ತಿಳಿಯುವ ಓದುಗನೊಬ್ಬ ಅವರಲ್ಲಿ ಬೆಳೆದಿದ್ದರೆ ಸಾಕು. ದಿನವಿಡೀ ಮೊಬೈಲಿನಲ್ಲಿ ವಿಡಿಯೊ ನೋಡುವ ಮಕ್ಕಳಿಗೆ ಆ ತಿಳಿವಳಿಕೆ ಇಲ್ಲೂ ಬೇಕು.

ಹಾಗಾಗಿ ಈ ಅಭ್ಯಾಸವನ್ನು ಕೈಬಿಡಬಾರದು, ತಿದ್ದಿ ಬಳಸಬೇಕು. ಬಾಗಿಲು ಮತ್ತು ಕುರ್ಚಿಯ ಪಾಠಕ್ಕೆ ಇನ್ನೂ ಹೆಚ್ಚು ಸಮಯ ಕೊಡಲಿ. ಅದನ್ನೇ ಹಗಲು ಬೆಳಕಿನಲ್ಲಿ, ಸಂಗೀತವಿಲ್ಲದೆ, ಎರಡು ಮೂರು ಬಗೆಯಲ್ಲಿ ಸಂಕಲನ ಮಾಡಿಸಲಿ. ಸ್ಟೋರಿಬೋರ್ಡ್ ಬರೆಯುವ ಮೊದಲೇ ತಂಡಕ್ಕೆ ಎಂಟನೆಯ ಪ್ರಶ್ನೆಯೊಂದನ್ನು ಕೇಳಲಿ: ಮೂರನೆಯ ನಿಮಿಷದಲ್ಲಿ ಏನಾಗುತ್ತದೆ? ಅದಕ್ಕೆ ಒಂದೇ ಪುಟದ ಉತ್ತರ ಸಾಕು, ಅದನ್ನು ಚಿತ್ರೀಕರಿಸಬೇಕಾಗಿಲ್ಲ. ಕಾಡಿನಲ್ಲಿ ಓಡುವ ಹುಡುಗಿ ಯಾರ ಮಗಳು, ಅವಳ ಕೈಯಲ್ಲಿರುವ ಚೀಲದಲ್ಲಿ ಏನಿದೆ ಎಂದು ನಾಲ್ವರಿಗೂ ಗೊತ್ತಿದ್ದರೆ ಕ್ಯಾಮೆರಾ ಬೂಟನ್ನು ಬಿಟ್ಟು ಚೀಲದ ಮೇಲೆ ನಿಲ್ಲುತ್ತದೆ. ಆಗ ಅವರ ಎರಡು ನಿಮಿಷ ಇನ್ನೊಂದು ತಂಡದ ಎರಡು ನಿಮಿಷದಂತೆ ಇರುವುದಿಲ್ಲ.