ಹುಳುಮನೆಯಲ್ಲಿ ಮೈಕು

ಧ್ವನಿಮುದ್ರಣ ಚೆನ್ನಾಗಿ ಬರುವುದು ಸದ್ದಿಗೂ ಮೈಕಿಗೂ ಎಷ್ಟು ದೂರ ಎಂಬುದರ ಮೇಲೆ. ರೆಕಾರ್ಡರಿನ ಬೆಲೆ ಆಮೇಲಿನ ಮಾತು. ಬಯಲಲ್ಲಿ ದೂರ ಅರ್ಧಕ್ಕಿಳಿದರೆ ಸದ್ದು 6 ಡೆಸಿಬಲ್ ಏರುತ್ತದೆ, ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ.

32 ಬಿಟ್ ಫ್ಲೋಟ್ ಮುದ್ರಣ ಬಂದ ಮೇಲೆ ಸದ್ದಿನ ಮಟ್ಟ ನೋಡುವ ಗೊಡವೆಯೇ ಬೇಡ ಎನ್ನುವ ಪಂಥವೊಂದು ಹುಟ್ಟಿಕೊಂಡಿದೆ. ಅದರಲ್ಲಿ ಅರ್ಧ ನಿಜ: ತಮಟೆ ಏಟು ದಿಢೀರನೆ ಬಿದ್ದರೂ ಮುದ್ರಣ ಒಡೆಯದು. ಆದರೆ ಗಾಳಿ ಮೈಕಿಗೆ ನೇರ ಬಡಿದರೆ, ಗೋಡೆಯ ಮಾರ್ದನಿ ತುಂಬಿಕೊಂಡರೆ ಯಾವ ಬಿಟ್ಟೂ ಕಾಯುವುದಿಲ್ಲ. 24 ಬಿಟ್‌ನಲ್ಲಿ ಏರು ಸದ್ದು ಮೈನಸ್ 12 ಡೆಸಿಬಲ್ ಆಸುಪಾಸು ನಿಂತರೆ ಬಹುತೇಕ ಕೆಲಸ ಸಾಗುತ್ತದೆ.

ಚನ್ನಪಟ್ಟಣದ ಬೊಂಬೆ ಕೆಲಸದ ಮನೆಗಳಲ್ಲಿ ಮೋಟಾರಿನದೇ ಕಾಟ. ಕಾರ್ಡಿಯಾಯ್ಡ್ ಮೈಕು ಬೆನ್ನ ಹಿಂದಿನದನ್ನು ತಗ್ಗಿಸುವುದರಿಂದ, ಮೋಟಾರಿಗೆ ಬೆನ್ನು ಮಾಡಿ ಇಟ್ಟರೆ ಆಲೆ ಮರಕ್ಕೆ ಉಳಿ ತಾಗುವ ಸದ್ದು ಬಿಡಿಯಾಗಿ ಸಿಗುತ್ತದೆ.

ಕನಕಪುರ, ಮಾಗಡಿ ಕಡೆಯ ರೇಷ್ಮೆ ಹುಳುಮನೆಯೊಳಗೆ ಗಾಳಿ ತಡೆಯುವ ತುಪ್ಪಟದ ಟೊಪ್ಪಿಗೆಯ ಅಗತ್ಯವೇ ಇಲ್ಲ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಬಿಟ್ಟೆದ್ದ ಹುಳುಗಳು ತಮ್ಮ ಬಾಳಿನ ಬಹುಪಾಲು ಸೊಪ್ಪನ್ನು ಆಗಲೇ ತಿನ್ನುತ್ತವೆ. ಸೊಪ್ಪು ಕೊಟ್ಟು ತುಸು ಹೊತ್ತು ಕಳೆದರೆ ತಟ್ಟೆಯಿಂದ ತಟ್ಟೆಗೆ ಸರಸರ ಸದ್ದು ಹಬ್ಬುತ್ತದೆ. ಅದು ತೀರಾ ಸಣ್ಣ ಸದ್ದಾದ್ದರಿಂದ ಅಗ್ಗದ ರೆಕಾರ್ಡರಿನ ಒಳಗಿನ ಸುಯ್ಯೆನ್ನುವಿಕೆ ಅದನ್ನು ನುಂಗಿಹಾಕುತ್ತದೆ. ಯಂತ್ರಕ್ಕೆ ಹಣ ಹಾಕುವುದಿದ್ದರೆ ಇಂಥಲ್ಲಿಗಾಗಿ. ಫ್ಯಾನು, ಟ್ಯೂಬ್‌ಲೈಟು ಆರಿಸಬೇಕು. ಮೈಕು ಸೊಪ್ಪಿನಿಂದ ಒಂದು ಗೇಣು ದೂರ, ಸ್ಟ್ಯಾಂಡಿನ ಮೇಲೆ. ಕೈಯಲ್ಲಿ ಹಿಡಿದರೆ ಬೆರಳು ಸರಿದದ್ದೇ ಹುಳುವಿಗಿಂತ ಜೋರಾಗಿ ಕೇಳುತ್ತದೆ. ಕೈಕಾಲು ತೊಳೆದೇ ಒಳಗೆ ಹೋಗಬೇಕು. ಸೊಳ್ಳೆ ಔಷಧಿ ಹೊಡೆದ ಅಂಗಿ, ತಂಬಾಕಿನ ಕೈ ಹುಳುವಿಗೆ ವಿಷ. ಸಾಕುವವರು ಬಾಗಿಲಲ್ಲೇ ತಡೆದರೆ ಬೇಸರಿಸಬಾರದು.

ಸದ್ದು ಮುಗಿದ ಮೇಲೆ ಇನ್ನೊಂದು ನಿಮಿಷ ಯಂತ್ರ ಓಡಲಿ. ತುಣುಕು ಜೋಡಿಸುವಾಗ ಆ ಖಾಲಿ ಕೋಣೆಯ ಸದ್ದು ಬೇಕಾಗುತ್ತದೆ. ಊರು, ತಾರೀಖು, ಹುಳುವಿನ ಹಂತವನ್ನು ಅದೇ ಮುದ್ರಣದಲ್ಲಿ ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದ ಮೇಲೆ ಕೂಗಿನ ಹರಾಜು ಅಲ್ಲಿ ಕೇಳಿಸುವುದಿಲ್ಲ. ಅದರ ಹಳೆಯ ಕ್ಯಾಸೆಟ್ಟು ಯಾರ ಮನೆಯಲ್ಲಿದ್ದರೂ, ಮೇಲೆ ವರ್ಷ ಬರೆದಿಲ್ಲವಾದರೆ ಯಾವ ಕಾಲದ ದರ ಕೂಗುತ್ತಿದ್ದಾರೆಂದು ತಿಳಿಯುವುದು ಕಷ್ಟ.